ಕಿವಿಯ ಅಳತೆ

ಬಂದರಿನ ಐಸ್ ಫ್ಯಾಕ್ಟರಿಯ ಮೋಟಾರು ಏಳಕ್ಕೆ ಶುರು.
ಅದರ ಗರಗರ ನನ್ನ ರೇಡಿಯೊದೊಳಗೂ ಬರುತ್ತದೆ,
ಕೇಳದೆ, ಚಪ್ಪಲಿ ಕಳಚದೆ.
ಅದರ ಮೇಲೆ ಬೀದಿದೀಪದ ಚೀರು,
ಕೆಳಮನೆಯ ಇನ್ವರ್ಟರಿನ ಗೊಣಗು,
ಎಲ್ಲದರ ಅಡಿಯಲ್ಲಿ
ಬಂಗುಡೆ ರಾಶಿಯೊಳಗೆ ಬಿದ್ದ ಉಂಗುರದ ಹಾಗೆ
ಆಂದ್ರೋತ್ ದ್ವೀಪದ ಚೆರಿಯಕೋಯ.

ಡಿ ಡಿ ಡಿ ಡಾ. ಡಿ ಡಿ ಡಾ.
ಇಷ್ಟೇ. ಉಳಿದದ್ದು ಮುಳುಗಿತು.

ಕತ್ತಲಾದರೆ ಹೀಗೇ. ಆಕಾಶದ ಪದರ ಮೇಲೇರಿ
ಸಾವಿರಾರು ಮೈಲಿ ಆಚೆಯವನು ಪಕ್ಕದ ಮನೆಯವನಂತೆ ಕೆಮ್ಮುತ್ತಾನೆ,
ಇಲ್ಲೇ ಕಡಲಾಚೆ ಇರುವವನು ಕ್ಷೀಣ.

ಅವನನ್ನು ಕಂಡದ್ದು ಒಂದೇ ಸಲ,
ಹಳೆ ಬಂದರಿನಲ್ಲಿ, ಮಂಜಿಗೆ
ಈರುಳ್ಳಿ, ಸಿಮೆಂಟು, ಎರಡು ಆಡು ಹತ್ತಿಸುತ್ತಿದ್ದ ದಿನ.
ನನ್ನ ಬ್ಯಾರಿ ಅವನಿಗೆ ಅರ್ಧ, ಅವನ ಮಲಯಾಳ ನನಗೆ ಕಾಲು.
ಮೇಜಿನಂಚಿಗೆ ಅವನು ಬೆರಳು ಬಡಿದ. ನಾನೂ ಬಡಿದೆ.
ಹೋಟೆಲಿನ ಹುಡುಗ ನಮಗೆ ಅವಸರವೆಂದುಕೊಂಡು
ಓಡಿ ಬಂದು ಚಾ ಇಟ್ಟ.

ಮೂವತ್ತೊಂದು ವರ್ಷ ಬೋಟಿನ ಇಂಜಿನ್ ಪಕ್ಕ ಕೂತು
ವಯರ್‌ಲೆಸ್ ರಿಪೇರಿ ಮಾಡಿದವನ ಕಿವಿ ಇದು.
ಕಂಕನಾಡಿಯ ಡಾಕ್ಟರಮ್ಮ ಕಾಗದದಲ್ಲಿ ಗೆರೆ ತೋರಿಸಿದರು:
ಇಲ್ಲಿಂದ ಇಳಿಜಾರು, ಇಲ್ಲಿ ಹೊಂಡ.
ಹಕ್ಕಿ ಕೇಳ್ತದಾ ನಿಮಗೆ, ಎಂದರು.
ಹಕ್ಕಿ ಇರಲಿ ಡಾಕ್ಟ್ರೇ,
ಐನೂರ ಇಪ್ಪತ್ತು ಹರ್ಟ್ಸ್ ಉಳಿದಿದೆಯಾ ನೋಡಿ.
ಬೆರಳಿಟ್ಟು ನೋಡಿದರು. ಅಲ್ಲಿ ಗೆರೆ
ಇನ್ನೂ ಸೆಗಣಿ ಸಾರಿಸಿದ ಅಂಗಳದಷ್ಟು ಸಮ.

ಪೀಕನ್ನು ಅಲ್ಲಿಗೇ ತಂದಿಟ್ಟಿದ್ದೇನೆ.
ಸೆಟ್ಟಿನ ಎಡಮೂಲೆಯ ಬಟನ್,
ಎ-ಪಿ-ಎಫ್ ಎಂಬುದು ಸವೆದು ಈಗ ಬರೀ ಎ.
ಒತ್ತಿದರೆ ಯಾರನ್ನೂ ಹೊರಗಟ್ಟುವುದಿಲ್ಲ ಅದು.
ಮೋಟಾರು ಇದ್ದಲ್ಲೇ ಇರುತ್ತದೆ, ಗೊಣಗು ಗೊಣಗುತ್ತದೆ,
ಒಂದೇ ಒಂದು ಶ್ರುತಿಯನ್ನು
ಕೈಹಿಡಿದು ಎರಡು ಮೆಟ್ಟಿಲು ಹತ್ತಿಸುತ್ತದೆ.

ವಾರಿಜಳಿಗೆ ಬಟನ್ ಬೇಡ.
ನಸುಕಿನ ದಕ್ಕೆಯಲ್ಲಿ ಏಲ, ನೂರು ಬಾಯಿ, ಹದ್ದು, ಕಾಗೆ,
ತನ್ನ ಬೆಲೆಯನ್ನು ದಾಟಿದ ಒಂದು ಸ್ವರವನ್ನಷ್ಟೇ ಹಿಡಿದು
ಬುಟ್ಟಿಯಿಂದ ತಲೆಯೆತ್ತದೆ ಹತ್ತು ರೂಪಾಯಿ ಏರಿಸುತ್ತಾಳೆ.
ಹೇಗೆ ಅಂದರೆ,
"ಬೇಕಾದ್ದು ಕೇಳ್ತದೆ.
ನೀವು ಕರೆದದ್ದೂ ಕೇಳ್ತದೆ, ಬೇಕಾದರೆ."

ಇವತ್ತು ನನಗೆ ಆಸೆ ಹೆಚ್ಚಾಯಿತು.
ಅಗಲವನ್ನು ಇಳಿಸುತ್ತಾ ಹೋದೆ, ಬಲೆ ಹೆಣೆಯುವ
ಸೂಜಿಯ ಕಣ್ಣಿನಷ್ಟಾಗುವವರೆಗೆ.
ಗದ್ದಲ ತೆಳುವಾಯಿತು, ನೀರಿನಡಿ ತಲೆ ಮುಳುಗಿಸಿದಂತೆ.
ಆಮೇಲೆ ಗದ್ದಲವೇ ಶ್ರುತಿ ಹಿಡಿದು ಮೊಳಗತೊಡಗಿತು,
ಕಂಚಿನ ಹರಿವಾಣಕ್ಕೆ ಉಗುರು ತಾಗಿದ ಹಾಗೆ.
ಒಂದು ಚುಕ್ಕೆ ಮುಗಿಯುವ ಮೊದಲೇ ಅದರ ಬಾಲ
ಇನ್ನೊಂದರ ತಲೆಗೆ.
ಯಾರೂ ಬಡಿಯದ ಅಕ್ಷರಗಳನ್ನು ಕಿವಿ ತಾನೇ ಪೋಣಿಸಿತು,
ಪೆನ್ಸಿಲು ನಂಬಿ ಬರೆಯಿತು:
ಬರುತ್ತೇನೆ, ಮುಂದಿನ ಮಂಜಿಯಲ್ಲಿ.

ಅವನು ಹಾಗೆ ಹೇಳಿರಲೇ ಇಲ್ಲ.
ಬಿಸ್ಕತ್ತಿನ ಡಬ್ಬದಲ್ಲಿ ಅವನೇ ಕಟ್ಟಿದ ಸೆಟ್ಟು ಅದು,
ಬಿಸಿಯಾದಂತೆ ಜಾರುತ್ತದೆ,
ಐನೂರ ಇಪ್ಪತ್ತರಿಂದ ಐನೂರಕ್ಕೆ, ನಾನೂರ ಎಂಬತ್ತಕ್ಕೆ.
ನಾನು ಇಷ್ಟೇ ಇಷ್ಟು ಬಾಗಿಲು ತೆರೆದು ಕಾದಲ್ಲಿ
ಅವನಿಲ್ಲ. ಒಂದು ಗೇಣು ಆಚೆ
ಗೋಡೆ ತಡವುತ್ತಿದ್ದಾನೆ.

ಅಗಲ ಮಾಡಿದೆ.
ಮೋಟಾರು ಮರಳಿತು, ಬೀದಿದೀಪ ಚೀರಿತು,
ನಡುವೆ, ಸ್ವಲ್ಪ ತಗ್ಗಿನಲ್ಲಿ,
ಕೊನೆಯ ಗೆರೆಯನ್ನು ಯಾವಾಗಲೂ
ಒಂದು ಉಸಿರು ಹೆಚ್ಚು ಎಳೆಯುವ ಆ ಕೈ:
ಕೈ ನಡುಗುತ್ತದೆ. ನಿಧಾನ ಹೊಡೆ. ಕೇಳುತ್ತಿದ್ದೇನೆ.

ಪೆನ್ಸಿಲಿನ ಸಾಲನ್ನು ಹೊಡೆದುಹಾಕಲಿಲ್ಲ.
ಅದರ ಕೆಳಗೆ ಇದನ್ನು ಬರೆದೆ,
ವೇಗವನ್ನು ಹನ್ನೆರಡಕ್ಕೆ ಇಳಿಸಿ ಕೀಲಿ ಮುಟ್ಟಿದೆ.

ಒಳಗಿನಿಂದ ವಾರಿಜ ಎರಡು ಸಲ ಕರೆದಳು.
ಅದೂ ಕೇಳಿತು.